ದುಃಖದ ಮನೆಗೆ ಬರಬೇಕಾದ ರೊಟ್ಟಿ

ಬೆಳಗ್ಗೆ ಇಗರ್ಜಿಯಿಂದ ಬಂದ ಮೇಲೆ ಏಲಿಕುಟ್ಟಿ ಎಷ್ಟು ಸಲ ಅಂಗಳಕ್ಕೆ ಇಳಿದಳೋ ಅವಳಿಗೇ ಗೊತ್ತಿರಲಿಲ್ಲ. ಒಣಹಾಕಿದ ರಬ್ಬರ್ ಹಾಳೆಗಳನ್ನು ಮಗುಚುವ ನೆವ ಒಂದು ಸಲ, ಕೋಳಿ ಅಟ್ಟುವ ನೆವ ಇನ್ನೊಂದು ಸಲ. ಆಮೇಲೆ ನೆವಗಳೂ ಮುಗಿದು, ಸೊಂಟದ ಮೇಲೆ ಕೈಯಿಟ್ಟುಕೊಂಡು ಗುಡ್ಡದಿಂದ ಇಳಿದು ಬರುವ ದಾರಿಯನ್ನು ನೋಡುತ್ತ ಸುಮ್ಮನೆ ನಿಂತಳು. ಅಡುಗೆಮನೆಯ ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದ ಮಗ ರೆಜಿಯ ಹೆಂಡತಿ ಬಿನ್ಸಿಗೆ ಕೊನೆಗೆ ತಡೆಯಲಾಗಲಿಲ್ಲ.

"ಅಮ್ಮಚ್ಚಿ, ಆ ದಾರಿ ಎಲ್ಲಿಗೂ ಓಡಿಹೋಗಲ್ಲ. ಒಳಗೆ ಬಂದು ಒಂದು ಲೋಟ ಗಂಜಿ ಕುಡೀರಿ."

"ನಿನ್ನ ಗಂಜಿ ನೀನೇ ಕುಡಿ. ನಾನೇನು ದಾರಿ ನೋಡ್ತಿದ್ದೀನಾ? ಹಲಸಿನಕಾಯಿ ನೋಡ್ತಿದ್ದೀನಿ."

ಹಲಸಿನ ಮರ ಇದ್ದದ್ದು ಮನೆಯ ಹಿಂದೆ. ಬಿನ್ಸಿ ಬುದ್ಧಿವಂತೆ, ಗಂಜಿಯನ್ನು ಮುಚ್ಚಿಟ್ಟಳು.

ಅಂದು ಪೆಸಹಾ ಗುರುವಾರ, ಯೇಸುವಿನ ಕೊನೆಯ ಊಟವನ್ನು ನೆನೆಯುವ ದಿನ. ವೆಳ್ಳಾಮಲೆಯ ಕ್ರೈಸ್ತರ ಮನೆಗಳಲ್ಲಿ ಅಂದು ಮಧ್ಯಾಹ್ನವೇ ಅಕ್ಕಿ ಉದ್ದಿನ ಹಿಟ್ಟು ಕಲಸುತ್ತಾರೆ. ಹುಳಿ ಬರಿಸುವಂತಿಲ್ಲ. ಹಿಂದಿನ ಭಾನುವಾರ ಇಗರ್ಜಿಯಿಂದ ತಂದ ಎಳೆ ತೆಂಗಿನ ಗರಿಯಲ್ಲಿ ಪುಟ್ಟ ಶಿಲುಬೆ ಮಾಡಿ, ಹಿಟ್ಟಿನ ಮೇಲಿಟ್ಟು, ಆವಿಯಲ್ಲಿ ರೊಟ್ಟಿ ಬೇಯಿಸುತ್ತಾರೆ. ಅದರ ಜೊತೆಗೆ ಬೆಲ್ಲ ಹಾಕಿ ಕಾಯಿಸಿದ ತೆಂಗಿನ ಹಾಲು. ಕತ್ತಲಾಗುವಾಗ ಪ್ರಾರ್ಥನೆ ಮುಗಿಸಿ, ಯಜಮಾನನಾದವನು ರೊಟ್ಟಿ ಮುರಿದು ಹಿರಿಯರಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಕೊಡಬೇಕು. ಆದರೆ ಆ ವರ್ಷ ಸಾವಾದ ಮನೆಯಲ್ಲಿ ಒಲೆಯ ಮೇಲೆ ಈ ರೊಟ್ಟಿ ಏರುವುದಿಲ್ಲ. ಅದನ್ನು ಬಂಧುಗಳು ತಂದುಕೊಡಬೇಕು. ದುಃಖದ ಮನೆಯವರು ಕೇಳಬಾರದು, ಕರೆಯಬಾರದು, ಹೋಗಿ ತರಲೂ ಬಾರದು. ಕೇಳಿ ತಂದ ರೊಟ್ಟಿ ತಿರುಪೆ ರೊಟ್ಟಿ ಅನ್ನುತ್ತಾರೆ ಅಲ್ಲಿಯವರು. ಸತ್ತವನ ಹೆಸರಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ.

ಏಲಿಕುಟ್ಟಿಯ ಗಂಡ ಔಸೇಪಚ್ಚ ತೀರಿಕೊಂಡು ನಾಲ್ಕೂವರೆ ತಿಂಗಳಾಗಿತ್ತು. ನೆರೆಮನೆಯ ಕುಂಞೇಲಿ ರೊಟ್ಟಿ ತರುತ್ತಾಳೆ, ಕೆಳಗಿನ ಮನೆಯವರೂ ತರುತ್ತಾರೆ, ಅದರಲ್ಲಿ ಅನುಮಾನವಿರಲಿಲ್ಲ. ಆದರೆ ನೆರೆಯವರು ತಂದದ್ದು ಪ್ರೀತಿಯ ರೊಟ್ಟಿ. ರಕ್ತ ಹಂಚಿಕೊಂಡವರ ಮನೆಯಿಂದ ಬರಬೇಕಾದ್ದು ಬೇರೆ. ಔಸೇಪಚ್ಚನಿಗೆ ಇದ್ದವನು ಒಬ್ಬನೇ ತಮ್ಮ, ಪೈಲಿ. ಅವನ ಮನೆ ಗುಡ್ಡದ ಮೇಲೆ, ಕೂಗಿದರೆ ಕೇಳುವಷ್ಟು ಹತ್ತಿರ. ಆ ಮನೆಗೂ ಈ ಮನೆಗೂ ಒಂಬತ್ತು ವರ್ಷದಿಂದ ಮಾತಿಲ್ಲ. ಇಂದು ಅಲ್ಲಿಂದ ರೊಟ್ಟಿ ಬರದಿದ್ದರೆ, ಸತ್ತ ಮೇಲೂ ಒಡಹುಟ್ಟಿದವನು ಔಸೇಪನನ್ನು ಕ್ಷಮಿಸಲಿಲ್ಲ ಎಂದು ಊರಿಗೆಲ್ಲ ಡಂಗುರ ಹೊಡೆದ ಹಾಗೆ. ಅದಕ್ಕೇ ಏಲಿಕುಟ್ಟಿಯ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ.

ಔಸೇಪಚ್ಚನ ಬಗ್ಗೆ ಊರಲ್ಲಿ ಎರಡು ಮಾತಿರಲಿಲ್ಲ. ದೇವರು ಒಂದು ಕಣ್ಣು, ಮನೆ ಇನ್ನೊಂದು ಕಣ್ಣು ಎಂದು ಬದುಕಿದ ಮನುಷ್ಯ. ಸಂಜೆ ಏಳಕ್ಕೆ ಮಂಡಿಯೂರಿದರೆ ಮೂರು ಮಕ್ಕಳೂ ಹೆಂಡತಿಯೂ ಪಕ್ಕದಲ್ಲಿರಬೇಕು. ಆ ಹೊತ್ತಿಗೆ ಯಾರು ಬಂದರೂ ಬಿಡುಗಡೆಯಿಲ್ಲ. ಕರೆಂಟಿನ ಮೀಟರ್ ನೋಡಲು ಬಂದ ಒಬ್ಬ ನಂಬೂದಿರಿ ಹುಡುಗ ಇಡೀ ಜಪಮಾಲೆ ಮುಗಿಯುವವರೆಗೆ ಕೈಕಟ್ಟಿಕೊಂಡು ಕೂತು, ಕೊನೆಗೆ ಕಾಫಿ ಕುಡಿದು, ಮೀಟರ್ ನೋಡಲು ಮರೆತು ಹೋದದ್ದನ್ನು ಈಗಲೂ ಹೇಳಿ ನಗುತ್ತಾರೆ. ಏಲಿಕುಟ್ಟಿಗೆ ವಿಷಮಜ್ವರ ಬಂದು ಎರಡು ತಿಂಗಳು ಮಲಗಿದಾಗ ಔಸೇಪಚ್ಚ ಮಗಳ ಜಡೆ ಹೆಣೆಯುವುದನ್ನು ಕಲಿತರು. ರಬ್ಬರ್ ಹಾಲು ಮೆತ್ತಿದ ಆ ಬೆರಳುಗಳು ಹೆಣೆದ ಜಡೆ ಮೂರು ದಿನವಾದರೂ ಬಿಚ್ಚುತ್ತಿರಲಿಲ್ಲ. ಎರಡನೆಯ ಹೆರಿಗೆಯಲ್ಲಿ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಪೈಲಿ ಒಂದು ಕಡೆ, ತಾವು ಒಂದು ಕಡೆ ಹೊತ್ತು, ನಾಲ್ಕು ಮೈಲಿ ನಡೆದಿದ್ದರು.

ಪೆಸಹಾ ದಿನ ಪಾದ್ರಿ ಹನ್ನೆರಡು ಮಂದಿ ಹಿರಿಯರ ಪಾದ ತೊಳೆಯುವಾಗ ಅವರಲ್ಲಿ ಔಸೇಪಚ್ಚ ಇದ್ದೇ ಇರುತ್ತಿದ್ದರು. ಪಾದ್ರಿಯ ಕೈಗೆ ಕೊಳೆ ಹತ್ತಬಾರದೆಂದು ಹಿಂದಿನ ದಿನವೇ ತೆಂಗಿನ ನಾರು ಹಾಕಿ ಹಿಮ್ಮಡಿ ತಿಕ್ಕುವರು. "ತೊಳೆಸಿಕೊಳ್ಳೋಕೆ ಹೋಗೋ ಕಾಲನ್ನ ಇಷ್ಟು ತೊಳೆದ್ರೆ ಪಾದ್ರಿಗೆ ಕೆಲಸ ಏನಿರುತ್ತೆ?" ಎಂದು ಏಲಿಕುಟ್ಟಿ ಪ್ರತಿವರ್ಷ ಹಂಗಿಸುತ್ತಿದ್ದಳು. ಈ ಬೆಳಗ್ಗೆ ಇಗರ್ಜಿಯಲ್ಲಿ ಅವರ ಜಾಗದಲ್ಲಿ ಇನ್ಯಾರೋ ಕೂತಿದ್ದರು. ಅವರ ಹಿಮ್ಮಡಿ ನೋಡಿ ಅವಳಿಗೆ ಅಳು ಬಂತು, ಸಿಟ್ಟೂ ಬಂತು.

ಇನ್ನೊಂದು ಮಾತು ಎಲ್ಲರೂ ಹೇಳುತ್ತಿದ್ದರು: ಆ ಬಾಯಿಗೆ ಸುಳ್ಳು ಗೊತ್ತಿಲ್ಲ. ಜಗಳ ಹುಟ್ಟಿದ್ದೂ ಅಲ್ಲಿಯೇ.

ಪೈಲಿಯ ಒಬ್ಬನೇ ಮಗ ತೊಮ್ಮಿ. ಸ್ವಂತ ಮನೆಗಿಂತ ದೊಡ್ಡಮ್ಮನ ಅಡುಗೆಮನೆಯಲ್ಲೇ ಹೆಚ್ಚು ಬೆಳೆದವನು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಆ ಹುಡುಗ ತನ್ನ ಜೀವ ತಾನೇ ಕಳೆದುಕೊಂಡ. ಕಾರಣ ಯಾರಿಗೂ ತಿಳಿಯಲಿಲ್ಲ, ಇಂದಿಗೂ ತಿಳಿದಿಲ್ಲ. ವೆಳ್ಳಾಮಲೆಯ ಇಗರ್ಜಿಯ ಸ್ಮಶಾನದಲ್ಲಿ ಹಿಂದುಗಡೆಯ ಗೋಡೆಗೆ ಒತ್ತಿಕೊಂಡು ಒಂದು ಮೂಲೆಯಿತ್ತು, ಅದಕ್ಕೆ ತೆಮ್ಮಾಡಿಕುಳಿ ಎಂದು ಹೆಸರು, ಪೋಲಿಗಳ ಗುಂಡಿ. ಪಾಪನಿವೇದನೆ ಮಾಡದೆ ಸತ್ತವರು, ಕುಡಿದು ಬಿದ್ದವರು, ಹೀಗೆ ಹೋದವರು ಅಲ್ಲಿಗೆ. ಅಲ್ಲಿ ಹೂಳುವಾಗ ಗಂಟೆಯಿಲ್ಲ, ಹಾಡಿಲ್ಲ. ಆಗಿನ ಮುದಿ ಪಾದ್ರಿ ಕೆಟ್ಟವರೇನಲ್ಲ. ಇಗರ್ಜಿಯ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದ ಔಸೇಪಚ್ಚನನ್ನು ಕರೆದು, "ಹುಡುಗನಿಗೆ ಬುದ್ಧಿ ಸ್ವಾಧೀನದಲ್ಲಿರಲಿಲ್ಲ ಅಂತ ನೀನು ಒಂದು ಮಾತು ಹೇಳಿದರೆ ಸಾಕು, ಎಲ್ಲರ ಹಾಗೆ ಮಣ್ಣು ಮಾಡೋಣ" ಎಂದಿದ್ದರು. ಪೈಲಿ ಅಣ್ಣನ ಕಾಲು ಹಿಡಿದಿದ್ದ. ಔಸೇಪಚ್ಚ ಬಹಳ ಹೊತ್ತು ನೆಲ ನೋಡಿ, "ಅವನ ಬುದ್ಧಿ ಸರಿಯಾಗೇ ಇತ್ತು ಅಚ್ಚ. ಹಿಂದಿನ ಎರಡು ಈಸ್ಟರಿಗೂ ಅವನು ಪಾಪನಿವೇದನೆ ಮಾಡಿಲ್ಲ" ಎಂದು ಪಾದ್ರಿಗೆ ಹೇಳಿಬಿಟ್ಟರು. ತೊಮ್ಮಿ ಗೋಡೆಯ ಮೂಲೆಗೆ ಹೋದ.

ಅದಾದ ಮೇಲೆ ಬಂದ ಪೆಸಹಾದಲ್ಲಿ ಪೈಲಿಯದು ದುಃಖದ ಮನೆ. ಏಲಿಕುಟ್ಟಿ ಎರಡು ರೊಟ್ಟಿ ಬೇಯಿಸಿದಳು. ತನ್ನ ತವರಿನಿಂದ ಬಂದ ಕಂಚಿನ ತಟ್ಟೆಯಲ್ಲಿ ಒಂದನ್ನಿಟ್ಟು, ಬಾಳೆಲೆ ಮುಚ್ಚಿ ಗಂಡನ ಕೈಗೆ ಕೊಟ್ಟಳು. ಅವರು ಹೋದವರು ಒಂದೂವರೆ ಗಂಟೆ ಬಿಟ್ಟು ಬಂದರು.

"ಕೊಟ್ರಾ?"

"ಕೊಟ್ಟೆ. ತಗೊಂಡ್ರು."

ತಟ್ಟೆ ಮಾತ್ರ ಹಿಂದಿರುಗಲಿಲ್ಲ. ವಾರ ಕಳೆಯಿತು, ವರ್ಷ ಕಳೆಯಿತು. ರೊಟ್ಟಿ ತಿಂದು ಮಾತೂ ಬಿಟ್ಟು, ತಟ್ಟೆಯನ್ನೂ ಇಟ್ಟುಕೊಂಡವರು ಎಂದು ಏಲಿಕುಟ್ಟಿಯ ಹೊಟ್ಟೆ ಉರಿಯಿತು. ಅದನ್ನು ಅವಳು ಹೊಟ್ಟೆಯಲ್ಲೇ ಇಟ್ಟುಕೊಳ್ಳುವ ಪೈಕಿಯೂ ಅಲ್ಲ. ಇಗರ್ಜಿಯ ಬಾವಿಯ ಹತ್ತಿರ, ಮದುವೆ ಮನೆಯಲ್ಲಿ, ಪೈಲಿಯ ಹೆಂಡತಿ ಅಚ್ಚಾಮ್ಮನ ಕಿವಿಗೆ ಬೀಳುವಂತೆ ಅಂದಳು. ಕೊನೆಗೆ ಔಸೇಪಚ್ಚನ ಹೆಣ ಅಂಗಳದಲ್ಲಿರುವಾಗ, ಒಂಬತ್ತು ವರ್ಷದ ಬಿಗುಮಾನ ಬಿಟ್ಟು ಅಚ್ಚಾಮ್ಮ ಬಂದು ಪಕ್ಕದಲ್ಲಿ ಕೂತಾಗ, ಇಪ್ಪತ್ತು ಹೆಂಗಸರ ನಡುವೆ ಅಂದಳು: "ಬರಿಗೈಲಿ ಬಂದ್ಯಾ ಅಚ್ಚಾಮ್ಮ? ನನ್ನ ತಟ್ಟೆ ತರಲಿಲ್ವಾ?" ಅಚ್ಚಾಮ್ಮ ಏನೂ ಅರ್ಥವಾಗದವಳ ಹಾಗೆ ಅವಳ ಮುಖ ನೋಡಿ, ಎದ್ದು ಹೋದಳು. ಅವತ್ತು ಹಾಗೆ ಅಂದದ್ದು ಸರಿಯಾಯಿತು ಎಂದೇ ಏಲಿಕುಟ್ಟಿ ಈ ಮಧ್ಯಾಹ್ನದವರೆಗೂ ತಿಳಿದಿದ್ದಳು.

ಮೂರು ಗಂಟೆಯ ಹೊತ್ತಿಗೆ ಗೇಟಿನ ಸದ್ದಾಯಿತು. ಏಲಿಕುಟ್ಟಿ ಓಡಿಬಂದು ನೋಡಿದರೆ ಇಗರ್ಜಿಯ ಗಂಟೆ ಹೊಡೆಯುವ ಮುದುಕ ಉಲಹನ್ನ. ಪೆಸಹಾದಿಂದ ಈಸ್ಟರಿನವರೆಗೆ ಗಂಟೆ ಬಾರಿಸುವಂತಿಲ್ಲವಾದ್ದರಿಂದ ಅವನಿಗೆ ವರ್ಷಕ್ಕೆ ಅದೊಂದೇ ಬಿಡುವು. ಕಂಕುಳಲ್ಲಿ ಪೇಪರು ಸುತ್ತಿದ ಏನೋ ಇತ್ತು. ಜಗಲಿಯಲ್ಲಿ ಕೂತು, ಪೇಪರು ಬಿಚ್ಚಿ, ಅವಳ ಮುಂದಿಟ್ಟ.

ಕಂಚಿನ ತಟ್ಟೆ.

"ಅಂತೂ ಕಳಿಸಿದರಾ!" ಏಲಿಕುಟ್ಟಿಯ ದನಿ ಹೆಂಚು ಮುಟ್ಟಿತು. "ಒಂಬತ್ತು ವರ್ಷಕ್ಕೆ ಬುದ್ಧಿ ಬಂತಾ ಅವರಿಗೆ? ಅದೂ ಪೆಸಹಾ ದಿನ ಖಾಲಿ ತಟ್ಟೆ! ನನ್ನ ಮುಖಕ್ಕೆ ಉಗಿದಿದ್ರೂ ಇಷ್ಟು ಆಗ್ತಿರಲಿಲ್ಲ."

"ಯಾರು ಕಳಿಸಿದ್ದು?" ಉಲಹನ್ನ ಕಿವಿಗೆ ಕೈ ಅಡ್ಡ ಹಿಡಿದ.

"ಪೈಲಿ! ಪೈಲಿ ಮನೆಯವರು!"

"ಪೈಲಿಗೂ ಇದಕ್ಕೂ ಏನಮ್ಮ ಸಂಬಂಧ? ಇದು ಇಗರ್ಜಿಯಲ್ಲಿತ್ತು. ಉರಿದುಳಿದ ಮೇಣದಬತ್ತಿ ತುಂಡು ಇದರಲ್ಲೇ ಹಾಕಿಡ್ತಿದ್ದೆ. ಔಸೇಪ್ ಚೇಟ್ಟ ಬದುಕಿರೋವರೆಗೆ ಬಾಯಿ ಬಿಡಬೇಡ ಅಂತ ಆಣೆ ಹಾಕಿಸಿದ್ರು. ಈಗ ಅವರೂ ಹೋದ್ರು, ನಾನೂ ಇವತ್ತೋ ನಾಳೆಯೋ. ಕಳ್ಳಮಾಲು ಇಟ್ಕೊಂಡು ಹೋಗೋಕೆ ನನಗಿಷ್ಟವಿಲ್ಲ."

ಆಮೇಲೆ ಮುದುಕ ಹೇಳಿದ. ಅವನ ಮಟ್ಟಿಗೆ ಅದು ಹೊಗಳಿಕೆ. ಎಂಥ ಮನುಷ್ಯ ನಿಮ್ಮ ಯಜಮಾನರು, ಎಂದು ತೋರಿಸುವ ಉತ್ಸಾಹದಲ್ಲೇ ಹೇಳಿದ. ಒಂಬತ್ತು ವರ್ಷದ ಹಿಂದೆ, ಇದೇ ಪೆಸಹಾ ಸಂಜೆ, ಸ್ಮಶಾನದ ಹಿಂದುಗಡೆ ಯಾರೋ ಅಳುವುದು ಕೇಳಿಸಿ ಹೋದನಂತೆ. ಔಸೇಪ್ ಚೇಟ್ಟ ಗೋಡೆ ಮೂಲೆಯಲ್ಲಿ, ತೊಮ್ಮಿಯ ಮಣ್ಣಿನ ಪಕ್ಕದಲ್ಲಿ ಮಂಡಿಯೂರಿದ್ದರಂತೆ. ಎದುರಿಗೆ ತಟ್ಟೆ, ತಟ್ಟೆಯಲ್ಲಿ ರೊಟ್ಟಿ.

"ಪ್ರಾರ್ಥನೆ ಪೂರ್ತಿ ಹೇಳಿದ್ರಮ್ಮ, ಮನೇಲಿ ಹೇಳೋ ಹಾಗೆ. ಒಂದಕ್ಷರ ಬಿಡಲಿಲ್ಲ. ರೊಟ್ಟಿ ಮುರಿದ್ರು. ಮೊದಲ ತುಂಡು ಆ ಮಣ್ಣಿನ ಮೇಲಿಟ್ರು. ಆಮೇಲೆ ತಾವು ಒಂದು ತುಂಡು ಬಾಯಿಗಿಟ್ರು. ನುಂಗೋಕೆ ಆಗಲಿಲ್ಲ. ನನ್ನ ನೋಡಿ ಏನಂದ್ರು ಗೊತ್ತಾ? 'ಉಲಹನ್ನಾ, ತಮ್ಮನ ಮನೆ ಮೆಟ್ಟಿಲು ಹತ್ತೋಕೆ ನನಗೆ ಕಾಲು ಬರಲಿಲ್ಲ ಕಣೋ. ಅವನ ಅಂಗಳದ ಬಾಗಿಲಿನ ಉಣುಗೋಲಿನ ತನಕ ಹೋಗಿ ವಾಪಸ್ ಬಂದೆ. ತಟ್ಟೆ ನಿನ್ನ ಹತ್ರ ಇರಲಿ, ಮನೆಗೆ ಒಯ್ದರೆ ಅವಳು ಕೇಳ್ತಾಳೆ.' ಮಿಕ್ಕ ರೊಟ್ಟಿ ನಾನೇ ಮಣ್ಣು ಮುಚ್ಚಿದೆ, ಯಾರೂ ತುಳೀಬಾರದಲ್ಲ."

ಏಲಿಕುಟ್ಟಿ ಅವನಿಗೆ ಕಾಫಿ ಕೊಟ್ಟಳೋ ಇಲ್ಲವೋ ಅವಳಿಗೆ ನೆನಪಿಲ್ಲ. ಮುದುಕ ಹೋದ ಮೇಲೆ ನಡುಮನೆಗೆ ಬಂದು ಗೋಡೆಯ ಮೇಲಿನ ಗಂಡನ ಫೋಟೋದ ಎದುರು ನಿಂತಳು. ಪಕ್ಕದಲ್ಲಿ ಯೇಸುವಿನ ಪವಿತ್ರ ಹೃದಯದ ಪಟ, ಅದರ ಕೆಳಗೆ ಹಗಲೂ ರಾತ್ರಿ ಉರಿಯುವ ಕೆಂಪು ಬಲ್ಬು.

ಹಾಗಾದರೆ ಆ ಸಂಜೆ ಮಗ ಸತ್ತ ಮನೆಯಲ್ಲಿ ಪೈಲಿ, ಅಚ್ಚಾಮ್ಮ ಇಬ್ಬರೇ ಕೂತು, ಒಡಹುಟ್ಟಿದವನ ಮನೆಯ ರೊಟ್ಟಿಗೆ ಕಾದು, ಕಾದು, ಉಪವಾಸ ಎದ್ದಿದ್ದರು. ತಿನ್ನದ ರೊಟ್ಟಿಗೆ, ನೋಡದ ತಟ್ಟೆಗೆ ತಾನು ಒಂಬತ್ತು ವರ್ಷ ಅವರ ಮಾನ ಹರಾಜು ಹಾಕಿದೆ. ಹೆಣದ ಮುಂದೆ ಕೂತು ಹಾಕಿದೆ.

"ತಗೊಂಡ್ರು ಅಂದ್ರಲ್ಲ!" ಏಲಿಕುಟ್ಟಿ ಫೋಟೋಗೆ ಅಂದಳು. "ನನ್ನ ಮುಖ ನೋಡಿ ಅಂದ್ರಲ್ಲ ರೆಜಿಯ ಅಪ್ಪ! ಆ ಹುಡುಗನಿಗೋಸ್ಕರ ಒಂದು ಸುಳ್ಳು ಹೇಳಿ ಅಂತ ತಮ್ಮ ಕಾಲು ಹಿಡಿದಾಗ ಬರದ ಸುಳ್ಳು, ನಿಮ್ಮ ಮರ್ಯಾದೆ ಉಳಿಸಿಕೊಳ್ಳೋಕೆ ಎಷ್ಟು ಸಲೀಸಾಗಿ ಬಂತು! ಅಲ್ಲಿ ಹೇಳಬೇಕಾದ್ದನ್ನ ಇಲ್ಲಿಗೆ ತಂದು ನನ್ನ ಮಡಿಲಿಗೆ ಹಾಕಿದ್ರಲ್ಲ!"

ಫೋಟೋದ ಔಸೇಪಚ್ಚ ಪಾದ ತೊಳೆಸಿಕೊಳ್ಳಲು ಕೂತವರ ಹಾಗೆ ಗಂಭೀರವಾಗಿದ್ದರು. ಎಂದೂ ದೊಡ್ಡ ದನಿಯಲ್ಲಿ ಮಾತಾಡದ ಆ ಮನುಷ್ಯ ಆಮೇಲಿನ ಪ್ರತಿ ಪೆಸಹಾ ರಾತ್ರಿ ತಮ್ಮ ತುಂಡು ರೊಟ್ಟಿಯನ್ನು ಕೈಯಲ್ಲೇ ಹಿಡಿದು ಬಹಳ ಹೊತ್ತು ಕೂತಿರುತ್ತಿದ್ದದ್ದು ಅವಳಿಗೆ ನೆನಪಾಯಿತು. ಭಕ್ತಿ ಅಂದುಕೊಂಡಿದ್ದಳು. ಅಯ್ಯೋ ಪಾಪ ಅನ್ನಿಸಿತು, ಅದರ ಹಿಂದೆಯೇ ಆ ಫೋಟೋ ತೆಗೆದು ಕುಕ್ಕಬೇಕು ಅಂತಲೂ ಅನ್ನಿಸಿತು. ನಲವತ್ತಾರು ವರ್ಷ ಸಂಸಾರ ಮಾಡಿದ ಗಂಡನ ಮೇಲೆ ಸತ್ತ ಮೇಲೆ ಇಷ್ಟು ಸಿಟ್ಟು ಬರುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಆಮೇಲಿನ ಎರಡು ಗಂಟೆ ಅವಳು ಮನೆಯಲ್ಲಿ ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗಿದಳು. ಹೋಗಬಾರದು. ದುಃಖದ ಮನೆಯವಳು ಪೆಸಹಾ ಸಂಜೆ ಇನ್ನೊಂದು ಮನೆಯ ಮೆಟ್ಟಿಲು ಹತ್ತಿದರೆ ರೊಟ್ಟಿ ಕೇಳಲು ಹೋದ ಹಾಗೆ. ಊರು ನೋಡಿದರೆ ಮುಗಿಯಿತು. ನಾಳೆ ಹೋಗಬಹುದು. ಆದರೆ ನಾಳೆ ಹೋದರೆ ಅಷ್ಟರಲ್ಲಿ ಇಂದಿನ ಸಂಜೆ ಕಳೆದಿರುತ್ತದೆ. ರೊಟ್ಟಿ ಬರದ ಸಂಜೆ ಒಂದು ಮನೆಯನ್ನು ಏನು ಮಾಡುತ್ತದೆಂದು ಈಗಷ್ಟೇ ಅವಳಿಗೆ ತಿಳಿದಿತ್ತು. ಮಗ ರೆಜಿ ಮಕ್ಕಳನ್ನು ಕರೆದುಕೊಂಡು ಇಗರ್ಜಿಯ ಆರಾಧನೆಗೆ ಹೋಗಿದ್ದ. ಬಿನ್ಸಿ ಕೈಗೂಸನ್ನು ಮೀಯಿಸುತ್ತಿದ್ದಳು.

"ಕೋಳಿಗೂಡು ಮುಚ್ಚಿ ಬರ್ತೀನಿ ಕಣೇ," ಎಂದು ಕೂಗಿ ಏಲಿಕುಟ್ಟಿ ಹಿತ್ತಲಿನಿಂದ ಹೊರಬಿದ್ದಳು.

ದಾರಿ ಹಿಡಿಯಲಿಲ್ಲ. ರಬ್ಬರ್ ತೋಟದ ನಡುವೆಯೇ ಗುಡ್ಡ ಹತ್ತಿದಳು. ಅರವತ್ತೈದರ ಮಂಡಿ ಎರಡೂ ಪ್ರತಿ ಹೆಜ್ಜೆಗೆ ತಕರಾರು ಮಾಡಿದವು. ಪೈಲಿಯ ಮನೆಯ ಹಿತ್ತಲು ತಲುಪುವಾಗ ಉಸಿರು ಬಾಯಿಗೆ ಬಂದಿತ್ತು. ಅಡುಗೆಮನೆಯೊಳಗಿಂದ ಮಾತು ಕೇಳಿಸಿ ಅಲ್ಲೇ ನಿಂತಳು.

"ನೀವೇ ಒಯ್ದು ಕೊಡಿ ಅಂದ್ನಲ್ಲ. ಒಡಹುಟ್ಟಿದವರು ನೀವು." ಅದು ಅಚ್ಚಾಮ್ಮ.

"ನನಗೆ ಆಗಲ್ಲ. ನೀನು ಹೋಗು."

"ನಾನಾ? ಹೆಣದ ಮುಂದೆ ನನ್ನ ಕಳ್ಳಿ ಮಾಡಿದವಳ ಮನೆಗಾ? ಬೇಯಿಸೋದು ನನ್ನ ಧರ್ಮ, ಬೇಯಿಸಿದ್ದೀನಿ. ಮಧ್ಯಾಹ್ನದಿಂದ ಇದೇ ಜಗಳ ಆಯ್ತು. ತಣ್ಣಗಾಗಿ ಕಲ್ಲಾಗುತ್ತೆ ಅದು."

ಏಲಿಕುಟ್ಟಿ ಬಾಗಿಲಲ್ಲಿ ನಿಂತಳು. ಮೇಜಿನ ಮೇಲೆ ಬಾಳೆಲೆ ಮುಚ್ಚಿದ ಎರಡು ರೊಟ್ಟಿ. ಅದನ್ನು ನೋಡಿದ್ದೇ ಅವಳು ಹತ್ತುವಾಗ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು.

"ಅಚ್ಚಾಮ್ಮ, ನನ್ನ ತಟ್ಟೆ ಸಿಕ್ತು," ಅಂದಳು. "ನಿಮ್ಮ ಮನೇಲಿ ಇರಲಿಲ್ಲ. ಎಂದೂ ಇರಲಿಲ್ಲ. ಇಗರ್ಜಿಯಲ್ಲಿತ್ತು. ಅವರು ರೊಟ್ಟಿ ಕೊಟ್ಟೆ ಅಂದ್ರು, ನಾನು ನಂಬಿದೆ. ನನ್ನ ನಾಲಿಗೆಗೆ ಹುಳ ಬೀಳಬೇಕು. ತಪ್ಪಾಯ್ತು ಕಣೇ."

ಅಚ್ಚಾಮ್ಮ ಸೌಟು ಹಿಡಿದೇ ನಿಂತಿದ್ದಳು. ಅವಳ ಮುಖದಲ್ಲಿ ಮೊದಲು ಕಂಡದ್ದು ಕರುಣೆಯಲ್ಲ, ಗೆದ್ದ ಸಿಟ್ಟು. "ಒಂಬತ್ತು ವರ್ಷ ಚೇಡತ್ತಿ," ಅಂದಳು. "ಯಾವ ತಟ್ಟೆ, ಯಾವ ತಟ್ಟೆ ಅಂತ ಮನೆಯಲ್ಲಿರೋ ಪಾತ್ರೆನೆಲ್ಲ ಎಷ್ಟು ಸಲ ಕೆಳಗಿಳಿಸಿ ನೋಡಿದ್ದೀನಿ ಗೊತ್ತಾ? ನನಗೇ ಹುಚ್ಚು ಹಿಡೀತಾ ಅಂತ."

"ಅಂದುಬಿಡು. ಅನ್ನೋದೆಲ್ಲ ಅಂದುಬಿಡು."

ಪೈಲಿ ಬೆಂಚಿನ ಮೇಲೆ ಕೂತವನು ತಲೆ ಎತ್ತಿರಲಿಲ್ಲ. ಈಗ ಅತ್ತಿಗೆಯನ್ನು ಮೆಲ್ಲಗೆ ಕೇಳಿದ: "ಕೊಡಲಿಲ್ಲ ಅಂತ ನಿನಗೆ ಇವತ್ತು ಗೊತ್ತಾಯ್ತಾ ಚೇಡತ್ತಿ? ನನಗೆ ಅವತ್ತೇ ಗೊತ್ತಿತ್ತು. ನಾನು ನೋಡಿದೆ."

ಅಚ್ಚಾಮ್ಮ ಗಂಡನ ಕಡೆ ತಿರುಗಿದಳು. ಅವಳಿಗೂ ಇದು ಹೊಸದು.

"ದೀಪ ಹಚ್ಚಿರಲಿಲ್ಲ. ಜಗಲಿಯ ಕತ್ತಲಲ್ಲಿ ಕೂತಿದ್ದೆ. ಚೇಟ್ಟ ಉಣುಗೋಲಿನ ಹತ್ರ ಬಂದು ನಿಂತ. ಕೈಯಲ್ಲಿ ಬಾಳೆಲೆ ಮುಚ್ಚಿದ ತಟ್ಟೆ. ಒಂದು ಕಾಲು ಒಳಗಿಟ್ಟ, ತೆಗೆದ. ಮತ್ತೆ ಇಟ್ಟ, ತೆಗೆದ. 'ಚೇಟ್ಟ, ಬಾ' ಅಂದಿದ್ರೆ ಬರ್ತಿದ್ದ. ನಾನು ಅನ್ನಲಿಲ್ಲ. ದುಃಖದ ಮನೆಯವರು ಕರೀಬಾರದು ಅಂತ ಕಟ್ಟಳೆ ಇದೆಯಲ್ಲ, ಅದನ್ನ ಹಿಡಕೊಂಡು ಕೂತೆ. ನಿಂತಿರಲಿ, ನನ್ನ ಮಗ ಗೋಡೆಮೂಲೆಯಲ್ಲಿ ಮಲಗಿದ್ದಾನೆ, ಇವನು ಅಲ್ಲೇ ನಿಂತಿರಲಿ ಅಂದುಕೊಂಡೆ. ಹೋದ. ಆಮೇಲೆ ಯಾವ ಬಾಯಿಟ್ಟುಕೊಂಡು ಅವನನ್ನ ಮಾತಾಡಿಸಲಿ?"

ಒಲೆಯ ಮೇಲೆ ತೆಂಗಿನಹಾಲು ಉಕ್ಕಿ ಬೆಲ್ಲದ ವಾಸನೆ ಎದ್ದಿತು. ಅಚ್ಚಾಮ್ಮ ಹೋಗಿ ಇಳಿಸಿದಳು.

"ಎಲ್ಲಿ ಬಿಸಾಕಿದ ಆ ರೊಟ್ಟಿನ?" ಪೈಲಿ ಕೇಳಿದ.

ಅದನ್ನು ಹೇಳಲೆಂದೇ ತಾನು ಗುಡ್ಡ ಹತ್ತಿ ಬಂದದ್ದು ಎಂದು ಏಲಿಕುಟ್ಟಿಗೆ ಆಗ ತಿಳಿಯಿತು. "ಬಿಸಾಕಲಿಲ್ಲ ಪೈಲಿ. ತೊಮ್ಮಿಯ ಹತ್ರ ಹೋದ್ರು. ಅಲ್ಲಿ ಮಂಡಿಯೂರಿ, ಪ್ರಾರ್ಥನೆ ಹೇಳಿ, ರೊಟ್ಟಿ ಮುರಿದ್ರು. ಉಲಹನ್ನ ಕಣ್ಣಾರೆ ನೋಡಿದ್ದಾನೆ."

"ಮುರಿದ್ನಾ? ಚೇಟ್ಟ? ಆ ಮೂಲೆಯಲ್ಲಿ?" ಪೈಲಿ ಎದ್ದು ನಿಂತ. "ಯಾರಿಗೆ ಕೊಟ್ಟ ಮೊದಲು?"

"ಮೊದಲು ಹುಡುಗನಿಗೆ. ಆಮೇಲೆ ತಾವು ತಿಂದ್ರು."

ಹಿರಿಯರಿಂದ ಕಿರಿಯರಿಗೆ ಎಂಬ ಕಟ್ಟಳೆಯನ್ನು ಔಸೇಪ್ ಮೀರುವವನಲ್ಲ. ಮೀರಿದ್ದ. ಇಗರ್ಜಿ ಲೆಕ್ಕಕ್ಕಿಡದೆ ಗೋಡೆಮೂಲೆಗೆ ತಳ್ಳಿದ ಹುಡುಗನನ್ನು ಮನೆತನದ ಯಜಮಾನ ತನ್ನ ಕೈಯಾರೆ ರೊಟ್ಟಿ ಕೊಟ್ಟು ಮನೆಯವನೆಂದು ಒಪ್ಪಿಕೊಂಡಿದ್ದ. ಅದೂ ಯಾರಿಗೂ ತಿಳಿಯದ ಹಾಗೆ. ಪೈಲಿ ಮತ್ತೆ ಬೆಂಚಿನ ಮೇಲೆ ಕುಸಿದು, ಎರಡೂ ಕೈಯಲ್ಲಿ ಮು‌ಖ ಮುಚ್ಚಿಕೊಂಡು ದೊಡ್ಡ ದನಿಯಲ್ಲಿ ಅತ್ತ. ಅಣ್ಣನ ಹೆಣದ ಮುಂದೆ ಅವನು ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಅಚ್ಚಾಮ್ಮ ಏಲಿಕುಟ್ಟಿಯ ತೋಳು ಹಿಡಿದು ನೆಲದ ಮೇಲೆ ಕೂರಿಸಿ, ತಾನೂ ಪಕ್ಕದಲ್ಲಿ ಕೂತಳು. ಹಿಡಿದ ತೋಳನ್ನು ಬಿಡಲಿಲ್ಲ.

ಹೊರಗೆ ಕತ್ತಲಿಳಿಯತೊಡಗಿತ್ತು. ಮೊದಲು ಎಚ್ಚೆತ್ತವನು ಪೈಲಿಯೇ. ಪಂಚೆಯ ತುದಿಯಲ್ಲಿ ಮೂಗೊರೆಸಿಕೊಂಡು, ಗಡಿಯಾರ ನೋಡಿ, ಗಾಬರಿಯಾದ.

"ಚೇಡತ್ತಿ, ನೀನು ಇಲ್ಲಿ ಏನು ಮಾಡ್ತಿದ್ದೀಯ? ಯಾರಾದ್ರೂ ನೋಡಿದ್ರೆ ಕೇಳಿ ತಗೊಂಡು ಹೋದಳು ಅಂತಾರೆ. ಚೇಟ್ಟನ ಹೆಸರಿಗೆ ತಿರುಪೆ ರೊಟ್ಟಿ ಬರಬಾರದು. ಓಡು, ಮೊದಲು ಮನೆಗೆ ಹೋಗು. ಬಂದೇ ಇಲ್ಲ ಅನ್ನೋ ಹಾಗೆ ಕೂತಿರು. ನಾನು ದಾರಿ ಹಿಡಿದು ಎಲ್ಲರಿಗೂ ಕಾಣೋ ಹಾಗೆ ಬರ್ತೀನಿ."

"ಓಡು ಅಂತೀಯಲ್ಲೋ, ಮಂಡಿ ನಿನ್ನಪ್ಪ ಕೊಟ್ಟಿದ್ದಾನಾ?" ಎಂದು ಏಲಿಕುಟ್ಟಿ ಬೈದಳು. ಬೈಯುತ್ತಲೇ ಎದ್ದಳು. ಅಚ್ಚಾಮ್ಮ ಅಳುತ್ತಿದ್ದವಳು ಫಕ್ಕನೆ ನಕ್ಕಳು. ಒಂಬತ್ತು ವರ್ಷದಲ್ಲಿ ಏಲಿಕುಟ್ಟಿ ಆ ನಗು ಕೇಳಿರಲಿಲ್ಲ.

ಗುಡ್ಡ ಹತ್ತುವಾಗಿನ ಮಂಡಿನೋವು ಇಳಿಯುವಾಗ ಎರಡರಷ್ಟು. ರಬ್ಬರ್ ಮರಗಳನ್ನು ಒಂದೊಂದಾಗಿ ಹಿಡಿದು, ತರಗೆಲೆಯ ಮೇಲೆ ಜಾರಿ, ಒಮ್ಮೆ ಕುಕ್ಕುರುಬಡಿದು, ಏಲಿಕುಟ್ಟಿ ಇಳಿದಳು. ಪೈಲಿಯ ಬ್ಯಾಟರಿಯ ಬೆಳಕು ಆಗಲೇ ಮೇಲಿನ ದಾರಿಯಲ್ಲಿ ಹೊರಟಿದ್ದು ಕಂಡಿತು. ಇವನಿಗೆ ಒಂಬತ್ತು ವರ್ಷ ಬರದ ಅವಸರ ಈಗ ಬಂತಲ್ಲ ಎಂದು ಹಲ್ಲು ಕಚ್ಚಿದಳು. ರೊಟ್ಟಿಗಿಂತ ಮೊದಲು ಮನೆ ಮುಟ್ಟಬೇಕಿತ್ತು. ಹಿತ್ತಲ ಬಾಗಿಲಲ್ಲಿ ನುಗ್ಗಿ, ಕಾಲು ತೊಳೆಯಲೂ ಹೊತ್ತಿಲ್ಲದೆ, ನಡುಮನೆಯ ಚಾಪೆಯ ಮೇಲೆ ಬಂದು ಕೂತು ಜಪಮಾಲೆ ಕೈಗೆತ್ತಿಕೊಂಡಳು.

ರೆಜಿ ಮಕ್ಕಳೊಡನೆ ಬಂದಿದ್ದ. ಕುಂಞೇಲಿ ತನ್ನ ರೊಟ್ಟಿ ತಂದು ಮೇಜಿನ ಮೇಲಿಟ್ಟು, ಹೋಗದೆ, ಗೋಡೆಗೊರಗಿ ಕೂತಿದ್ದಳು. ಪೈಲಿಯ ಮನೆಯಿಂದ ಬರುತ್ತದೋ ಇಲ್ಲವೋ ಎಂದು ನೋಡಿಯೇ ಏಳುವ ಕೂರಾಟ ಅದು.

"ಇದೇನು ಏಲಿಚೇಡತ್ತಿ, ಕಾಲೆಲ್ಲ ಮಣ್ಣು?"

"ಕೋಳಿ. ಗೂಡಿಗೆ ಹೋಗಲ್ಲ ಅಂತು."

ಆಗ ಅಂಗಳದಲ್ಲಿ ಬ್ಯಾಟರಿಯ ಬೆಳಕು ಬಿತ್ತು. ಪೈಲಿ ಎಲ್ಲಿಯೂ ನಿಲ್ಲಲಿಲ್ಲ. ನೇರ ಮೆಟ್ಟಿಲು ಹತ್ತಿ ಒಳಗೆ ಬಂದು, ಬಾಳೆಲೆ ಮುಚ್ಚಿದ ರೊಟ್ಟಿಯನ್ನು ಮೇಜಿನ ನಡುವೆ ಇಟ್ಟ. ಹಿಂದೆ ಅಚ್ಚಾಮ್ಮ, ಕೈಯಲ್ಲಿ ಹಾಲಿನ ಪಾತ್ರೆ. ರೆಜಿ ಎದ್ದು ನಿಂತು ಚಿಕ್ಕಪ್ಪನಿಗೆ ಕುರ್ಚಿ ಎಳೆದ. ಮಕ್ಕಳು ಈ ಅಪರಿಚಿತ ಅಜ್ಜನನ್ನು ನೋಡುತ್ತ ನಿಂತವು.

ಕುಂಞೇಲಿ ಪೈಲಿಯ ಕೆಂಪಾದ ಕಣ್ಣು ನೋಡಿದಳು, ಏಲಿಕುಟ್ಟಿಯ ಕಾಲಿನ ಮಣ್ಣು ನೋಡಿದಳು. ಅವಳ ಮೂಗು ಬಹಳ ಚುರುಕು.

"ಅಲ್ಲ ಏಲಿಚೇಡತ್ತಿ," ಎಂದು ರಾಗ ಎಳೆದಳು, "ನೀವೇನಾದ್ರೂ ಮೇಲೆ ಹೋಗಿ ಕರೆದು ಬಂದ್ರಾ?"

ಎಲ್ಲರೂ ಏಲಿಕುಟ್ಟಿಯನ್ನು ನೋಡಿದರು. ಬಾಗಿಲಲ್ಲಿ ನಿಂತ ಬಿನ್ಸಿಗೆ ಕೋಳಿಗೂಡಿನ ವಿಷಯ ಗೊತ್ತಿತ್ತು, ಅವಳು ಕೂಸಿನ ತಲೆ ಸವರತೊಡಗಿದಳು. ಪೈಲಿಯ ಕೈ ರೊಟ್ಟಿಯ ಮೇಲೆಯೇ ನಿಂತಿತು. ಏಲಿಕುಟ್ಟಿಯ ಎದುರಿಗೆ ಗಂಡನ ಫೋಟೋ ಇತ್ತು, ಯೇಸುವಿನ ಪಟ ಇತ್ತು, ಕೈಯಲ್ಲಿ ಜಪಮಾಲೆ ಇತ್ತು.

"ನಾನಾ?" ಅಂದಳು. "ನಾನ್ಯಾಕೆ ಹೋಗಲಿ? ಇಗರ್ಜಿಯಿಂದ ಬಂದ ಮೇಲೆ ಈ ಮನೆ ಬಿಟ್ಟು ಕದಲಿಲ್ಲ. ಒಡಹುಟ್ಟಿದವನು, ಅವನಾಗಿ ಬಂದ."

ದನಿ ನಡುಗಲಿಲ್ಲ. ಕೆಂಪು ಬಲ್ಬು ಆರಲಿಲ್ಲ, ಹೆಂಚು ಕಳಚಿ ಬೀಳಲಿಲ್ಲ. ಕುಂಞೇಲಿ, "ಹಾಗಾದ್ರೆ ಸರಿ, ದೇವರು ದೊಡ್ಡವನು," ಎಂದು ಎದ್ದು ಮನೆಗೆ ಹೊರಟಳು. ಪೈಲಿ ಶಿಲುಬೆಯ ಗರಿಯನ್ನು ಪಕ್ಕಕ್ಕೆ ತೆಗೆದಿಟ್ಟು ರೊಟ್ಟಿ ಮುರಿದು, ಮೊದಲ ತುಂಡನ್ನು ಅತ್ತಿಗೆಗೆ ಚಾಚಿದ.

ಎರಡೂ ಕೈ ಒಡ್ಡಿ ಅದನ್ನು ತೆಗೆದುಕೊಂಡ ಏಲಿಕುಟ್ಟಿಗೆ ತಿನ್ನಲಾಗಲಿಲ್ಲ. ಫೋಟೋ ನೋಡುತ್ತಿದ್ದಳು. ಇಷ್ಟೇ ಸಾಕಿತ್ತಲ್ಲ ರೆಜಿಯ ಅಪ್ಪ, ಇಷ್ಟು ಚಿಕ್ಕ ಒಂದು ಸುಳ್ಳು, ಎಂದುಕೊಂಡಳು. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು.